ಐಡಲ್‌ನಲ್ಲಿ ನಡುಗುವ ಹಳೇ ಎಂಜಿನ್: ಕಳ್ಳಗಾಳಿ ಎಲ್ಲಿಂದ ನುಗ್ಗುತ್ತಿದೆ?

ಓಡುವಾಗ ಏನೂ ತೊಂದರೆ ಇಲ್ಲ. ಆಕ್ಸಿಲರೇಟರ್ ಬಿಟ್ಟು ಗಾಡಿ ನಿಲ್ಲಿಸಿ ಎಂಜಿನ್ ಐಡಲ್‌ಗೆ, ಅಂದರೆ ತನ್ನಷ್ಟಕ್ಕೆ ನಿಧಾನ ಓಡುವ ಸ್ಥಿತಿಗೆ, ಬಂದಿತೋ, ಶುರು. ಸ್ಟೇರಿಂಗ್ ನಡುಗುತ್ತದೆ, ಗೇರ್ ಲಿವರ್ ಅಲ್ಲಾಡುತ್ತದೆ, ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ಕೊನೆಗೆ ಆಫ್. ಚೋಕ್ ಸ್ವಲ್ಪ ಎಳೆದರೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೇ ಎಂಜಿನ್ ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ.

ಹೀಗಾದಾಗ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್‌ಗೆ. ಪೆಟ್ರೋಲ್-ಗಾಳಿ ಪ್ರಮಾಣ ಬದಲಿಸುವ ಮಿಕ್ಸ್ಚರ್ ಸ್ಕ್ರೂ ಅರ್ಧ ಸುತ್ತು ಆ ಕಡೆ, ಸ್ಪೀಡ್ ಬದಲಿಸುವ ಐಡಲ್ ಸ್ಕ್ರೂ ಒಂದು ಸುತ್ತು ಈ ಕಡೆ. ನಾನೂ ಅದನ್ನೇ ಮಾಡಿದೆ. ನಾಲ್ಕು ಸಿಲಿಂಡರಿನ ಎಂಜಿನ್, ಒಂದೇ ಕಾರ್ಬುರೇಟರ್. ಎರಡು ಸಲ ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿ ಕೂರಿಸಿದೆ. ಎರಡು ಸಲವೂ ನಡುಕ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿನ ಹಿಂಭಾಗದಲ್ಲಿ, ಯಾವುದಕ್ಕೂ ಬಳಸದ ಒಂದು ಪುಟ್ಟ ಪೈಪ್. ಅದರ ಬಾಯಿಗೆ ಹಾಕಿದ್ದ ಬೆರಳ ತುದಿಯಷ್ಟು ರಬ್ಬರ್ ಟೋಪಿ ಶಾಖಕ್ಕೆ ಒಣಗಿ ಸೀಳಿತ್ತು. ಮೇಲಿನಿಂದ ನೋಡಿದರೆ ಸರಿಯಾಗೇ ಇತ್ತು, ಸೀಳಿದ್ದು ಅಡಿಯಲ್ಲಿ. ಕಾರ್ಬುರೇಟರ್ ಪಾಪ, ಏನೂ ತಪ್ಪು ಮಾಡಿರಲಿಲ್ಲ.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಗಾಳಿ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವವರೆಗೆ, ಪರೀಕ್ಷೆಗೆ ಬಿಟ್ಟರೆ, ಕಾರ್ಬುರೇಟರಿನ ಯಾವ ಸ್ಕ್ರೂವನ್ನೂ ಮುಟ್ಟುವುದಿಲ್ಲ. ಕೆಳಗೆ ಬರೆದಿರುವುದೆಲ್ಲ ಅದೇ ಕ್ರಮದಲ್ಲಿದೆ.

ಐಡಲ್‌ನಲ್ಲೇ ಯಾಕೆ ಈ ಕಾಟ

ಪೆಟ್ರೋಲ್ ಪೂರ್ತಿ ಉರಿಯಲು 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಇದು ತೂಕದ ಲೆಕ್ಕ. ಕಾರ್ಬುರೇಟರ್ ತನ್ನ ಮೂಲಕ ಹೋಗುವ ಗಾಳಿಗೆ ಮಾತ್ರ ಪೆಟ್ರೋಲ್ ಬೆರೆಸುತ್ತದೆ. ಅದರ ಕೆಳಗೆ, ಎಂಜಿನ್ ಕಡೆಯಿಂದ ನುಸುಳಿದ ಗಾಳಿಯ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ. ಆ ಲೆಕ್ಕಕ್ಕೆ ಸಿಗದ ಗಾಳಿಯನ್ನು ನಾನು ಕಳ್ಳಗಾಳಿ ಅನ್ನುತ್ತೇನೆ. ವರ್ಕ್‌ಶಾಪಿನಲ್ಲಿ 'ಏರ್ ಎಳೀತಿದೆ' ಅನ್ನುವುದೂ ಇದನ್ನೇ.

ಐಡಲ್‌ನಲ್ಲಿ ಥ್ರಾಟಲ್ ಬಟರ್‌ಫ್ಲೈ, ಅಂದರೆ ಕಾರ್ಬುರೇಟರಿನೊಳಗಿನ ಗಾಳಿಯ ಬಾಗಿಲು, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ, ಹಾಗಾಗಿ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಜೋರಾಗಿರುತ್ತದೆ. ಸರಿಯಾಗಿರುವ ಎಂಜಿನ್ನಿನಲ್ಲಿ, ಸಮುದ್ರ ಮಟ್ಟದಲ್ಲಿ, ಸಾಮಾನ್ಯವಾಗಿ 17ರಿಂದ 21 ಇಂಚು ಪಾದರಸ. ಎಂಜಿನ್ ಕುಡಿಯುವ ಗಾಳಿಯೇ ಆಗ ಸ್ವಲ್ಪ. ಅದರ ಜೊತೆ ಒಂದು ಸಣ್ಣ ಸೀಳಿನಿಂದ ಬರುವ ಗಾಳಿಯೂ ದೊಡ್ಡ ಪಾಲಾಗಿಬಿಡುತ್ತದೆ. ಮಿಶ್ರಣ ತೆಳ್ಳಗಾಗುತ್ತದೆ, ಅಂದರೆ ಲೀನ್. ಆಕ್ಸಿಲರೇಟರ್ ಒತ್ತಿದರೆ ಬಟರ್‌ಫ್ಲೈ ತೆರೆದು ವ್ಯಾಕ್ಯೂಮ್ ಇಳಿಯುತ್ತದೆ, ಸೀಳಿನಿಂದ ಬರುವುದು ಕಡಿಮೆಯಾಗುತ್ತದೆ, ಕಾರ್ಬುರೇಟರಿನಿಂದ ಬರುವುದು ಜಾಸ್ತಿಯಾಗುತ್ತದೆ. ಕಳ್ಳಗಾಳಿ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಓಡುವಾಗ ಚೆನ್ನ, ನಿಂತಾಗ ನಡುಕ ಅನ್ನುವುದಕ್ಕೆ ಕಾರಣ ಇಷ್ಟೇ.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಚೆನ್ನಾಗೇ ಇರುತ್ತದೆ. ಚೋಕ್ ಮುಚ್ಚಿರುವುದರಿಂದ ಜಾಸ್ತಿ ಪೆಟ್ರೋಲ್ ಹೋಗುತ್ತಿರುತ್ತದೆ, ಅದು ಲೀಕನ್ನು ಮುಚ್ಚಿಹಾಕುತ್ತದೆ. ಬಿಸಿಯಾಗಿ ಚೋಕ್ ತೆರೆದ ಮೇಲೆ ಬಣ್ಣ ಬಯಲಾಗುತ್ತದೆ. 'ಬಿಸಿಯಾದ ಮೇಲೆ ಹಾಳಾಗುತ್ತದೆ, ಹಾಗಾದರೆ ಕಾಯಿಲ್ ಹೋಗಿದೆ' ಎಂದು ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಬದಲಿಸುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ಕಾಯಿಲೂ ಬಿಸಿಯಾದಾಗ ಕೈಕೊಡುತ್ತದೆ, ನಿಜ. ಆದರೆ ಕಾಯಿಲ್ ಹೋದರೆ ಚೋಕ್ ಎಳೆದಾಗ ಎಂಜಿನ್ ಸರಿಹೋಗುವುದಿಲ್ಲ.

ಮೊದಲು ಸುಲಭದವು

ಪಾಯಿಂಟ್ ಗ್ಯಾಪ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚಿನ ಸಂದು), ಪ್ಲಗ್ ಗ್ಯಾಪ್, ಟೈಮಿಂಗ್ (ಕಿಡಿ ಹಾರುವ ಕ್ಷಣ), ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗದ ಸಂದು). ಇವು ಸರಿ ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬಬೇಡಿ. ಗ್ಯಾಪ್ ಎಷ್ಟು ಅನ್ನುವುದನ್ನು ನಿಮ್ಮ ಎಂಜಿನ್ನಿನ ಪುಸ್ತಕದಲ್ಲೇ ನೋಡಿ. ಹಳೇ ಎಂಜಿನ್‌ಗಳಲ್ಲಿ ಪಾಯಿಂಟ್ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು, ಪ್ಲಗ್ 0.6ರಿಂದ 0.8 ಮಿ.ಮೀ. ಇರುತ್ತದೆ. ಟ್ಯಾಪೆಟ್ ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದರ ನಡುಕವೂ ಹೊರಗಿನಿಂದ ನೋಡಲು ಲೀಕಿನ ಹಾಗೇ ಇರುತ್ತದೆ.

ಲೀಕೋ, ಐಡಲ್ ಜೆಟ್ಟೋ?

ಜಾಸ್ತಿ ಜನ ಎಡವುವ ಜಾಗ ಇದು, ನಾನೂ ಎಡವಿದ್ದು ಇಲ್ಲೇ. ಐಡಲ್‌ನಲ್ಲಿ ಪೆಟ್ರೋಲ್ ಬರುವ ದಾರಿಯಾದ ಐಡಲ್ ಜೆಟ್ಟಿನ ತೂತು ತುಂಬಾ ಸಣ್ಣದು. ಅರ್ಧ ಮಿ.ಮೀ. ಆಸುಪಾಸು. ಒಂದು ಕಣ ಕಸ ಸಿಕ್ಕಿಕೊಂಡರೂ ಪೆಟ್ರೋಲ್ ಕಡಿಮೆಯಾಗುತ್ತದೆ. ಆಗಲೂ ಮಿಶ್ರಣ ಲೀನ್, ಆಗಲೂ ನಡುಕ, ಆಗಲೂ ಚೋಕ್ ಎಳೆದರೆ ಸರಿ. ಒಂದು ಕಡೆ ಗಾಳಿ ಜಾಸ್ತಿ, ಇನ್ನೊಂದು ಕಡೆ ಪೆಟ್ರೋಲ್ ಕಡಿಮೆ. ಎಂಜಿನ್ನಿಗೆ ಎರಡೂ ಒಂದೇ.

ವ್ಯತ್ಯಾಸ ಗೊತ್ತಾಗುವುದು ಐಡಲ್ ಸ್ಪೀಡ್‌ನಲ್ಲಿ. ಕಳ್ಳಗಾಳಿ ಇದ್ದರೆ ಎಂಜಿನ್ನಿಗೆ ಬಟರ್‌ಫ್ಲೈ ಹಂಗಿಲ್ಲದೆ ಗಾಳಿ ಸಿಗುತ್ತಿರುತ್ತದೆ. ಹಾಗಾಗಿ ಐಡಲ್ ಸ್ಕ್ರೂ ಪೂರ್ತಿ ಸಡಿಲಿಸಿದರೂ, ಲಿವರ್ ಸ್ಕ್ರೂವಿಗೆ ತಾಗದೇ ಇದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಒಮ್ಮೆ ರೇಸ್ ಮಾಡಿ ಬಿಟ್ಟರೆ ಸ್ಪೀಡ್ ತಕ್ಷಣ ಇಳಿಯುವುದಿಲ್ಲ, ಮೇಲೇ ನೇತಾಡಿಕೊಂಡು ನಿಧಾನಕ್ಕೆ ಬರುತ್ತದೆ. ಜೆಟ್ ಕಟ್ಟಿಕೊಂಡಿದ್ದರೆ ಇದಕ್ಕೆ ಉಲ್ಟಾ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಧಬ್ಬೆಂದು ಬಿದ್ದು ಆಫ್ ಆಗುತ್ತದೆ. ಓಡಿಸಬೇಕೆಂದರೆ ಐಡಲ್ ಸ್ಕ್ರೂ ಒಳಗೆ ತಿರುಗಿಸಿ ಬಟರ್‌ಫ್ಲೈ ಎತ್ತಿಯೇ ಇಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಲೀಕ್ ತುಂಬಾ ದೊಡ್ಡದಿದ್ದರೆ ಮಿಶ್ರಣ ಉರಿಯಲಾರದಷ್ಟು ತೆಳ್ಳಗಾಗಿ ಎಂಜಿನ್ ಬಿಟ್ಟ ಕೂಡಲೇ ನಿಂತುಬಿಡಬಹುದು. ಆದ್ದರಿಂದ ಇದೊಂದರಿಂದಲೇ ತೀರ್ಪು ಕೊಡಬೇಡಿ, ಯಾವ ಕಡೆಗೆ ಮೊದಲು ಹುಡುಕಬೇಕು ಎಂದು ತಿಳಿಯಲು ಮಾತ್ರ ಇಟ್ಟುಕೊಳ್ಳಿ.

ಕಾರ್ಬುರೇಟರಿಗೆ ಒಂದು ವೈರ್ ಬಂದಿದ್ದರೆ, ಅದು ಐಡಲ್ ಕಟ್‌ಆಫ್ ಸೊಲೆನಾಯ್ಡಿನದ್ದೇ (ಇಗ್ನಿಷನ್ ಆಫ್ ಆದಾಗ ಐಡಲ್ ಪೆಟ್ರೋಲ್ ನಿಲ್ಲಿಸುವ ವಿದ್ಯುತ್ ವಾಲ್ವ್) ಎಂದು ನೋಡಿಕೊಳ್ಳಿ. ಇಗ್ನಿಷನ್ ಆನ್ ಮಾಡಿ ಆ ವೈರನ್ನು ತೆಗೆದು ಮತ್ತೆ ತಾಗಿಸಿ. ಪ್ರತಿ ಸಲ 'ಟಿಕ್' ಅನ್ನಬೇಕು. ಅನ್ನದಿದ್ದರೆ ಐಡಲ್ ದಾರಿಗೆ ಪೆಟ್ರೋಲೇ ಹೋಗದಿರಬಹುದು. ಎರಡು ನಿಮಿಷದ ಕೆಲಸ. ಇದನ್ನು ನೋಡದೆ ಇಡೀ ಕಾರ್ಬುರೇಟರ್ ಬಿಚ್ಚಿದವರು ಎಷ್ಟೋ ಜನ.

ಮಿಕ್ಸ್ಚರ್ ಸ್ಕ್ರೂವೂ ಒಂದು ಸುಳಿವು ಕೊಡುತ್ತದೆ. ಅದನ್ನು ತಿರುಗಿಸಿದರೂ ಎಂಜಿನ್ನಿನ ಸದ್ದಿನಲ್ಲಿ ಯಾವ ಬದಲಾವಣೆಯೂ ಇಲ್ಲವೆಂದರೆ ಎರಡು ಸಾಧ್ಯತೆ. ಐಡಲ್ ದಾರಿ ಕಟ್ಟಿದೆ, ಇಲ್ಲವೇ ಹಿಂದೆ ಯಾರೋ ಐಡಲ್ ಸ್ಕ್ರೂ ಜಾಸ್ತಿ ಒಳಗೆ ತಿರುಗಿಸಿದ್ದಾರೆ. ಆಗ ಬಟರ್‌ಫ್ಲೈ ಎತ್ತರಕ್ಕೆ ಹೋಗಿ, ಅದರ ಪಕ್ಕದ ಸಣ್ಣ ತೂತುಗಳಿಂದಲೇ ಪೆಟ್ರೋಲ್ ಬರುತ್ತಿರುತ್ತದೆ. ಮಿಕ್ಸ್ಚರ್ ಸ್ಕ್ರೂವಿಗೆ ಕೆಲಸವೇ ಇರುವುದಿಲ್ಲ. ಒಂದು ದೋಷ ಮುಚ್ಚಲು ಮಾಡಿದ ಅಡ್ಜಸ್ಟ್‌ಮೆಂಟ್ ಇನ್ನೊಂದು ದೋಷದ ಹಾಗೆ ಕಾಣುವುದು ಹೀಗೆ.

ಕಿವಿ, ಕೈ, ಒಂದು ಇಕ್ಕಳ

ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರಲಿ. ಗಾಳಿಯಾಡುವ ಜಾಗದಲ್ಲೇ ಮಾಡಿ, ಸೈಲೆನ್ಸರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಸಡಿಲ ಬಟ್ಟೆ ಬೇಡ.

ಅರ್ಧ ಮೀಟರ್ ಉದ್ದದ ರಬ್ಬರ್ ಪೈಪಿನ ತುಂಡು ತೆಗೆದುಕೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡಿನ ಸುತ್ತ ನಿಧಾನಕ್ಕೆ ಓಡಾಡಲಿ. ಲೀಕ್ ಇರುವ ಕಡೆ 'ಸ್ಸ್ಸ್' ಸದ್ದು ಒಮ್ಮೆಲೇ ಜೋರಾಗುತ್ತದೆ. ಕಾರ್ಬುರೇಟರಿನ ಬಾಯಿಯೂ ಗಾಳಿ ಎಳೆಯುವ ಸದ್ದು ಮಾಡುತ್ತದೆ, ಅದರಿಂದ ಮೋಸಹೋಗಬೇಡಿ. ಏರ್ ಫಿಲ್ಟರ್ ಹಾಕಿಯೇ ಇಟ್ಟರೆ ಅದು ಕಡಿಮೆ ಕೇಳುತ್ತದೆ.

ಆಮೇಲೆ ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಸುಕಿ. ಮೂತಿಗೆ ಬಟ್ಟೆ ಸುತ್ತಿದ ಇಕ್ಕಳ ಸಾಕು. ಯಾವ ಪೈಪ್ ಹಿಸುಕಿದಾಗ ಎಂಜಿನ್ ನೆಟ್ಟಗಾಗುತ್ತದೋ, ಲೀಕ್ ಆ ಪೈಪಿನಲ್ಲಿ ಅಥವಾ ಅದರ ಆ ತುದಿಯಲ್ಲಿರುವ ಸಾಮಾನಿನಲ್ಲಿ ಇದೆ. ಒಣಗಿದ ಪೈಪ್ ಹಿಸುಕಿದರೆ ಅಲ್ಲೇ ಸೀಳುತ್ತದೆ. ಸೀಳಿದರೆ ಅದು ಹೇಗೂ ಬದಲಿಸಬೇಕಾಗಿದ್ದ ಪೈಪೇ.

ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿನ ದಪ್ಪ ಪೈಪನ್ನು ಮರೆಯಬೇಡಿ. ಐಡಲ್‌ನಲ್ಲಿ ಪೆಡಲ್ ಒತ್ತಿ ಹಿಡಿದಾಗ ಪೆಡಲ್ ಕಡೆಯಿಂದ ಹಿಸ್ ಸದ್ದು ಬಂದು ಎಂಜಿನ್ ಮುಗ್ಗರಿಸಿದರೆ ಬೂಸ್ಟರ್ ಒಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್, ಹರಿದಿರಬಹುದು. ಇದು ನಡುಕದ ವಿಷಯ ಮಾತ್ರವಲ್ಲ, ಬ್ರೇಕಿನ ವಿಷಯ. ಮುಂದೂಡಬೇಡಿ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ (ವ್ಯಾಕ್ಯೂಮ್ ಎಳೆತದಿಂದ ಕಿಡಿಯನ್ನು ಬೇಗ ಹಾರಿಸುವ ಭಾಗ) ನೋಡುವುದು ಇನ್ನೂ ಸುಲಭ. ಎಂಜಿನ್ ಆಫ್ ಮಾಡಿ ಅದರ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಕಳಚಿ ಬಾಯಿಂದ ಎಳೆದು, ತುದಿಗೆ ನಾಲಿಗೆ ಒತ್ತಿ. ನಾಲಿಗೆ ಹಿಡಿದುಕೊಂಡೇ ಇದ್ದರೆ ಡಯಾಫ್ರಾಮ್ ಸರಿ. ಬಿಟ್ಟುಬಿಟ್ಟರೆ ತೂತು. ಪೈಪಿನ ತುದಿ ಮೊದಲು ಒರೆಸಿಕೊಳ್ಳಿ, ಪೆಟ್ರೋಲಿನ ರುಚಿ ಚೆನ್ನಾಗಿರುವುದಿಲ್ಲ.

ಕ್ರ್ಯಾಂಕ್‌ಕೇಸ್ ಗಾಳಿಯನ್ನು ಮ್ಯಾನಿಫೋಲ್ಡಿಗೆ ಕಳಿಸುವ ಪಿಸಿವಿ ವಾಲ್ವ್ ಇದ್ದರೆ ಅದನ್ನು ಕಳಚಿ ಅಲ್ಲಾಡಿಸಿ. ಒಳಗೆ ಕಟಕಟ ಅನ್ನಬೇಕು. ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡ ವಾಲ್ವ್ ಅಂದರೆ ಕಂಪನಿಯವರೇ ಹಾಕಿಕೊಟ್ಟ ಲೀಕ್.

ಸ್ಪ್ರೇ ಪರೀಕ್ಷೆ

ಪೈಪುಗಳಲ್ಲಿ ಸಿಗದಿದ್ದರೆ ಉಳಿಯುವುದು ಜೋಡಣೆಯ ಜಾಗಗಳು. ಕಾರ್ಬುರೇಟರ್ ಕೆಳಗಿನ ಪ್ಯಾಕಿಂಗ್, ಅದರ ಅಡಿಯ ಶಾಖ ತಡೆಯುವ ಬ್ಲಾಕ್, ಮ್ಯಾನಿಫೋಲ್ಡ್ ಮತ್ತು ಸಿಲಿಂಡರ್ ಹೆಡ್ ನಡುವಿನ ಪ್ಯಾಕಿಂಗ್, ಬಟರ್‌ಫ್ಲೈ ಕೂರುವ ಥ್ರಾಟಲ್ ಶಾಫ್ಟಿನ ಎರಡು ತುದಿ. ಇಲ್ಲಿ ಕಾರ್ಬ್ ಕ್ಲೀನರ್ ಸ್ಪ್ರೇ ಬಳಸುತ್ತಾರೆ. ಲೀಕ್ ಇರುವ ಕಡೆ ಸ್ಪ್ರೇ ಬಿದ್ದರೆ ಎಂಜಿನ್ ಅದನ್ನೂ ಎಳೆದುಕೊಂಡು ಉರಿಸುತ್ತದೆ, ಲೀನ್ ಆಗಿದ್ದ ಮಿಶ್ರಣ ಸರಿಹೋಗಿ ಸ್ಪೀಡ್ ಏರುತ್ತದೆ.

ಇದು ಹೊತ್ತಿಕೊಳ್ಳುವ ವಸ್ತು. ಕೆಳಗೇ ಕೆಂಡದಂಥ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಪಕ್ಕದಲ್ಲೇ ಪ್ಲಗ್ ವೈರ್. ಕತ್ತಲಲ್ಲಿ ಒಮ್ಮೆ ಎಂಜಿನ್ ನೋಡಿ. ಹಳೇ ಪ್ಲಗ್ ವೈರಿನ ಮೇಲೆ ನೀಲಿ ಕಿಡಿ ಓಡಾಡುತ್ತಿದ್ದರೆ ಅದನ್ನು ಬದಲಿಸುವವರೆಗೆ ಈ ಪರೀಕ್ಷೆ ಬೇಡವೇ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಇದಕ್ಕೆ ಬಳಸಲೇಬೇಡಿ, ಬಿಸಿಗೆ ಅದರಿಂದ ವಿಷಾನಿಲ ಬರುತ್ತದೆ. ಧೈರ್ಯ ಇಲ್ಲದಿದ್ದರೆ ಬರೀ ನೀರಿನ ಸ್ಪ್ರೇ ಬಾಟಲಿಯೂ ಆಗುತ್ತದೆ. ನೀರು ಸೀಳಿಗೆ ಬಿದ್ದಾಗ ಹಿಸ್ ಸದ್ದು ಒಂದು ಕ್ಷಣ ಬದಲಾಗುತ್ತದೆ, ಎಂಜಿನ್ ತುಸು ಮುಗ್ಗರಿಸುತ್ತದೆ. ಅಷ್ಟು ಸ್ಪಷ್ಟವಾಗಿರುವುದಿಲ್ಲ, ಆದರೆ ಬೆಂಕಿಯ ಭಯವಿಲ್ಲ. ಡಿಸ್ಟ್ರಿಬ್ಯೂಟರ್ ಮೇಲೆ ಮಾತ್ರ ಹೊಡೆಯಬೇಡಿ.

ಸ್ಪ್ರೇ ಸುಳ್ಳು ಹೇಳುವುದೂ ಉಂಟು. ರೇಡಿಯೇಟರ್ ಫ್ಯಾನ್ ಸ್ಪ್ರೇಯನ್ನು ಎಲ್ಲೆಲ್ಲಿಗೋ ಹಾರಿಸುತ್ತದೆ. ನೀವು ಮ್ಯಾನಿಫೋಲ್ಡಿಗೆ ಹೊಡೆದದ್ದು ಕಾರ್ಬುರೇಟರಿನ ಬಾಯಿಗೆ ಹೋಗಿ ಸ್ಪೀಡ್ ಏರಿದರೆ, ಪ್ಯಾಕಿಂಗ್ ಹೋಗಿದೆ ಅಂದುಕೊಳ್ಳುತ್ತೀರಿ. ಅದಕ್ಕೇ ಏರ್ ಫಿಲ್ಟರ್ ಹಾಕಿರಬೇಕು, ಸ್ಪ್ರೇಗೆ ತೆಳು ನಳಿಕೆ ಸಿಗಿಸಿರಬೇಕು, ಫ್ಯಾನ್ ಗಾಳಿಗೆ ಒಂದು ರಟ್ಟು ಅಡ್ಡ ಹಿಡಿದಿರಬೇಕು. ರಟ್ಟು ಬ್ಲೇಡಿನಿಂದ ದೂರವಿರಲಿ. ಚಿಟಿಕೆಯಷ್ಟು ಹೊಡೆದು ಐದು ಎಣಿಸಿ. ಸ್ಪೀಡ್ ಏರಿದರೆ ಅದೇ ಜಾಗಕ್ಕೆ ಇನ್ನೊಮ್ಮೆ. ಮೂರು ಸಲವೂ ಒಂದೇ ಉತ್ತರ ಬಂದರೆ ಮಾತ್ರ ನಂಬಿ.

ಬೈಕ್ ಆದರೆ ನೋಡಬೇಕಾದ್ದು ಕಾರ್ಬುರೇಟರ್ ಮತ್ತು ಹೆಡ್ ನಡುವಿನ ರಬ್ಬರ್, ಅದರ ಕ್ಲಿಪ್, ಅದರಡಿಯ ಓ ರಿಂಗ್. ರಬ್ಬರನ್ನು ಬಗ್ಗಿಸಿ ನೋಡಿ, ಬಿರುಕು ಮಡಿಕೆಯಲ್ಲಿ ಅಡಗಿರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ಆದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಕೂಡ ಏರ್ ಎಳೆಯುತ್ತದೆ. ಅದನ್ನು ಹಾಗೇ ಬಿಟ್ಟು ಓಡಿಸಿದರೆ ಲೀನ್ ಆಗಿ ಪಿಸ್ಟನ್ ಜಾಮ್ ಆಗುವ ಅಪಾಯವಿದೆ.

ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟು, ಆಫ್ ಮಾಡಿ, ಪ್ಲಗ್‌ಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಜೋಡಿಸಿ. ಮಿಶ್ರಣ ಸರಿ ಇದ್ದ ಪ್ಲಗ್ಗಿನ ಮೂತಿ ತಿಳಿ ಕಂದು. ಲೀನ್ ಇದ್ದರೆ ಬಿಳಿ. ರಿಚ್, ಅಂದರೆ ಪೆಟ್ರೋಲ್ ಜಾಸ್ತಿ, ಇದ್ದರೆ ಮಸಿ.

ನಾಲ್ಕೂ ಬಿಳಿಯಾಗಿದ್ದರೆ ಗಾಳಿ ಎಲ್ಲ ಸಿಲಿಂಡರಿಗೂ ಸಮನಾಗಿ ಹೋಗುತ್ತಿದೆ. ಅಂದರೆ ಕಾರ್ಬುರೇಟರ್ ಅಡಿಯಲ್ಲಿ, ಥ್ರಾಟಲ್ ಶಾಫ್ಟಿನಲ್ಲಿ, ಇಲ್ಲವೇ ಐಡಲ್ ಜೆಟ್ಟಿನಲ್ಲಿ ಹುಡುಕಿ. ಒಂದೇ ಬಿಳಿ, ಉಳಿದದ್ದು ಕಂದು ಎಂದರೆ ಆ ಸಿಲಿಂಡರಿನ ಪೋರ್ಟಿನ ಹತ್ತಿರದ ಪ್ಯಾಕಿಂಗ್, ಅಥವಾ ಅದೇ ಕವಲಿಗೆ ಸೇರುವ ಪೈಪ್. ಅಕ್ಕಪಕ್ಕದ ಎರಡು ಬಿಳಿಯಾಗಿದ್ದು, ಆ ಎರಡಕ್ಕೂ ಹೆಡ್‌ನಲ್ಲಿ ಒಂದೇ ಪೋರ್ಟ್ ಇದ್ದರೆ ಅಲ್ಲಿಗೇ ಕೈ ಹಾಕಿ. ನನ್ನ ಎಂಜಿನ್ನಿನಲ್ಲಿ 4ನೇ ಪ್ಲಗ್ ಸುಣ್ಣದ ಹಾಗಿತ್ತು. ಆ ಹರಿದ ಟೋಪಿ ಇದ್ದದ್ದು 4ನೇ ಸಿಲಿಂಡರಿನ ಕವಲಿನ ಮೇಲೆ. ಮೊದಲ ದಿನವೇ ಪ್ಲಗ್ ಬಿಚ್ಚಿ ನೋಡಿದ್ದರೆ ಎರಡು ಕಿಟ್ ಉಳಿಯುತ್ತಿತ್ತು, ಅಲ್ವಾ?

ಇದನ್ನೇ ಓಡುವ ಎಂಜಿನ್ನಿನಲ್ಲಿ ಖಚಿತ ಮಾಡಿಕೊಳ್ಳಬಹುದು. ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ. ಕೆಲಸ ಮಾಡುತ್ತಿರುವ ಸಿಲಿಂಡರ್ ನಿಲ್ಲಿಸಿದರೆ ಎಂಜಿನ್ ಕುಸಿಯುತ್ತದೆ. ನಿಲ್ಲಿಸಿದರೂ ವ್ಯತ್ಯಾಸವೇ ಇಲ್ಲದ ಸಿಲಿಂಡರ್ ಮೊದಲೇ ಸುಮ್ನೆ ಕೂತಿತ್ತು. ವೈರನ್ನು ಗಾಳಿಯಲ್ಲಿ ನೇತುಬಿಡಬೇಡಿ. ಒಂದು ಹಳೇ ಪ್ಲಗ್ ಸಿಗಿಸಿ ಎಂಜಿನ್ ಬಾಡಿಗೆ ಅರ್ಥ್ ಕೊಡಿ, ಇಲ್ಲದಿದ್ದರೆ ಕಾಯಿಲಿಗೂ ಎಲೆಕ್ಟ್ರಾನಿಕ್ ಇಗ್ನಿಷನ್‌ಗೂ ಏಟು. ವೈರ್ ಅದಲುಬದಲು ಮಾಡುವುದು ಎಂಜಿನ್ ಆಫ್ ಇದ್ದಾಗಲೇ.

ವ್ಯಾಕ್ಯೂಮ್ ಗೇಜ್ ಇದ್ದರೆ

ಗೇಜ್ ಪೈಪನ್ನು ಮ್ಯಾನಿಫೋಲ್ಡಿಗೇ ಕೊಡಿ. ಬಟರ್‌ಫ್ಲೈಗಿಂತ ಮೇಲಿರುವ ಪೋರ್ಟಿಗೆ ಕೊಟ್ಟರೆ ಐಡಲ್‌ನಲ್ಲಿ ಸೊನ್ನೆ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಇಂಚು ಕಡಿಮೆ ಬರುವುದು ಸಹಜ, ಅದನ್ನು ಕಳೆದು ನೋಡಿ.

ಮುಳ್ಳು ಅಲ್ಲಾಡದೆ, ಆದರೆ ಇರಬೇಕಾದ್ದಕ್ಕಿಂತ ಕೆಳಗೆ ನಿಂತಿದ್ದರೆ ಲೀಕ್, ಇಲ್ಲವೇ ಟೈಮಿಂಗ್ ಹಿಂದೆ ಬಿದ್ದಿದೆ. ಟೈಮಿಂಗ್ ಮೊದಲೇ ನೋಡಿ ಎಂದದ್ದು ಇದಕ್ಕೇ. ಒಂದೇ ತಾಳದಲ್ಲಿ ಪದೇಪದೇ ಕೆಳಗೆ ಬೀಳುತ್ತಿದ್ದರೆ ಒಂದು ವಾಲ್ವ್ ಸುಟ್ಟಿರಬಹುದು. ಐಡಲ್‌ನಲ್ಲಿ ಮುಳ್ಳು ವೇಗವಾಗಿ ಕಂಪಿಸಿ, ರೇಸ್ ಮಾಡಿದಾಗ ನಿಂತರೆ ವಾಲ್ವ್ ಗೈಡ್ (ವಾಲ್ವ್ ಮೇಲೆ ಕೆಳಗೆ ಓಡಾಡುವ ಕೊಳವೆ) ಸವೆದಿರಬಹುದು. ಸವೆದ ಗೈಡ್ ಮೂಲಕವೂ ಗಾಳಿ ಬರುತ್ತದೆ. ಅದನ್ನು ಯಾವ ಸ್ಪ್ರೇಯೂ ಹೊರಗಿನಿಂದ ಹಿಡಿಯಲಾರದು.

ಸಿಕ್ಕ ಮೇಲೆ

ಪೈಪ್, ಟೋಪಿ ಬದಲಿಸುವುದಕ್ಕೆ ಹೇಳುವುದೇನಿಲ್ಲ. ಕಾರ್ಬುರೇಟರ್ ಅಡಿಯ ಪ್ಯಾಕಿಂಗ್ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು. 'ಲೀಕ್ ಇದೆ, ಇನ್ನೊಂದು ಸುತ್ತು ಬಿಗಿ ಮಾಡು' ಎಂದು ಯಾರೋ ಮಾಡಿದ ಕೆಲಸದಿಂದಲೇ ಫ್ಲ್ಯಾಂಜಿನ, ಅಂದರೆ ಕಾರ್ಬುರೇಟರ್ ಅಡಿಯ ಚಪ್ಪಟೆ ಅಂಚಿನ, ಕಿವಿಗಳು ಬಗ್ಗಿರುತ್ತವೆ. ಕಾರ್ಬುರೇಟರ್ ಬಿಚ್ಚಿ, ಫ್ಲ್ಯಾಂಜಿನ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿ ಇಟ್ಟು, ಬೆಳಕಿಗೆ ಹಿಡಿದು ನೋಡಿ. ಮಧ್ಯದಲ್ಲಿ 0.1 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ತೂರಿದರೆ ಮಟ್ಟ ಮಾಡಬೇಕು. ದಪ್ಪ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ, ಫ್ಲ್ಯಾಂಜನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ, ಪುಡಿಯನ್ನು ಪೂರ್ತಿ ತೊಳೆಯಿರಿ. ಹೊಸ ಪ್ಯಾಕಿಂಗ್ ಹಾಕಿ ನಟ್‌ಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಾಮಾನ್ಯ ಸಿಲಿಕೋನ್ ಪೇಸ್ಟ್ ಬೇಡ, ಪೆಟ್ರೋಲಿಗೆ ಅದು ಉಬ್ಬಿ ಕಿತ್ತು ಬರುತ್ತದೆ, ಚೂರುಗಳು ಒಳಗೆ ಹೋಗುತ್ತವೆ.

ಥ್ರಾಟಲ್ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟ ಕಂಡರೆ ಕ್ಲೀನಿಂಗ್‌ನಿಂದ ಪ್ರಯೋಜನವಿಲ್ಲ. ಖಚಿತ ಮಾಡಿಕೊಳ್ಳಲು ಶಾಫ್ಟಿನ ತುದಿಗಳಿಗೆ ದಪ್ಪನೆ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿ. ಕೆಲವು ನಿಮಿಷ ಐಡಲ್ ಸರಿಯಾಗಿ ನಿಂತರೆ ಗೊತ್ತಾಯಿತಲ್ಲ. ಬುಷ್ ಹಾಕಿಸಬೇಕು. ಅದು ಲೇತ್ ಕೆಲಸ, ಮನೆಯಲ್ಲಿ ಆಗುವುದಲ್ಲ.

ಈಗ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ. ಐಡಲ್ ಸ್ಕ್ರೂ ಹಿಂದಕ್ಕೆ ತಂದು ಪುಸ್ತಕದಲ್ಲಿರುವ ಸ್ಪೀಡಿಗೆ ಇಡಿ. ಮಿಕ್ಸ್ಚರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡಿ. ಜೋರಾಗಿ ಕೂರಿಸಿದರೆ ಅದರ ಸೂಜಿ ಮೂತಿ ಹಾಳಾಗುತ್ತದೆ. ಸ್ಕ್ರೂ ಎಂಜಿನ್ ಕಡೆಗಿದ್ದರೆ ಸಾಮಾನ್ಯವಾಗಿ ಅದು ಪೆಟ್ರೋಲ್ ಮಿಶ್ರಣದ್ದು, ಹೊರಗೆ ತಿರುಗಿಸಿದರೆ ರಿಚ್. ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿಯದ್ದು, ಹೊರಗೆ ತಿರುಗಿಸಿದರೆ ಲೀನ್. ಸ್ಪೀಡ್ ಅತಿ ಹೆಚ್ಚು ಬರುವ ಜಾಗ ಹುಡುಕಿ, ಏರಿದ ಸ್ಪೀಡನ್ನು ಐಡಲ್ ಸ್ಕ್ರೂವಿನಿಂದ ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಿ. ಎರಡು ಮೂರು ಸುತ್ತಿನಲ್ಲಿ ಸರಿಹೋಗುತ್ತದೆ. ಲೀಕ್ ಇದ್ದಾಗ ಸ್ಕ್ರೂಗೆ ಕ್ಯಾರೇ ಅನ್ನದ ಎಂಜಿನ್ ಈಗ ಕಾಲು ಸುತ್ತಿಗೇ ದನಿ ಬದಲಿಸುತ್ತದೆ.

ಒಂದೆರಡು ದಿನ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರ್ಬುರೇಟರಿನ ನಟ್‌ಗಳನ್ನು ಒಮ್ಮೆ ನೋಡಿ. ಹೊಸ ಪ್ಯಾಕಿಂಗ್ ಬಿಸಿಗೆ ಕೂತು ಸ್ವಲ್ಪ ಸಡಿಲ ಬಿಟ್ಟಿರುತ್ತದೆ. ಬೇಕಾದ್ದು ಕಾಲು ಸುತ್ತಿಗಿಂತ ಕಡಿಮೆ. ಆಗಲೇ 4 ಪ್ಲಗ್‌ಗಳನ್ನೂ ಬಿಚ್ಚಿ ಮತ್ತೆ ಬಟ್ಟೆಯ ಮೇಲೆ ಸಾಲಾಗಿ ಇಡಿ.